ಮಗಳ ಕುತ್ತಿಗೆ, ನಾನು ಮಾಡಿದ ಕುರ್ಚಿ

೧೯೮೩ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಇಯತ್ತೆ ಪಾಸಾಗಿ ಬಿಟ್ಟೆ, ಫೇಲಾಗಿ ಅಲ್ಲ. ಈ ಮಾತನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದೇನೆ. ಆ ಬೇಸಿಗೆಯಲ್ಲಿ ಸೋದರಮಾವ ನನ್ನನ್ನು ತಿಕೋಟಾದಿಂದ ವಿಜಯಪುರಕ್ಕೆ ಕರೆದುಕೊಂಡು ಬಂದಿದ್ದ. ಅವನ ಲಾರಿಯ ಸೀಟು ಹರಿದಿತ್ತು. ಸೀಟು ಹೊಲಿಯುವ ಅಂಗಡಿಯಲ್ಲಿ ಉಸ್ತಾದರು ನೆಲದ ಮೇಲೆ ಕೂತು, ದಪ್ಪ ರೆಕ್ಸಿನ್ನಿಗೆ ದಬ್ಬಣ ಚುಚ್ಚಿ, ಹೊಲಿಗೆ ಒಂದಿಷ್ಟೂ ಆಚೀಚೆ ಸರಿಯದಂತೆ ಎಳೆಯುತ್ತಿದ್ದರು. ಮಾವ ಕರೆದರೂ ನಾನು ಅಲ್ಲಿಂದ ಕದಲಲಿಲ್ಲ. ಜೂನ್ ತಿಂಗಳಲ್ಲಿ ನನ್ನ ವಾರಿಗೆಯವರು ಹೈಸ್ಕೂಲಿಗೆ ಹೋದರು, ನಾನು ಆ ಅಂಗಡಿಗೆ ಹೋದೆ.

ಉಸ್ತಾದರು ಕಲಿಸಿದ ಮೊದಲ ಪಾಠ ಹೊಲಿಗೆಯದಲ್ಲ. ಗಿರಾಕಿ ನಿಂತಿರುವಾಗ ನಾವು ಕೂಡಬಾರದು ಎಂಬುದು. ಮಂಡಿ ಮಡಚಿ ಕೂತು ಎಷ್ಟೇ ಬಿಗಿ ಕೆಲಸ ಮಾಡುತ್ತಿರಲಿ, ಬಾಗಿಲಲ್ಲಿ ನೆರಳು ಬಿದ್ದರೆ ದಬ್ಬಣ ಇಟ್ಟು ಎದ್ದು ನಿಲ್ಲಬೇಕು. ಗಿರಾಕಿ ವಯಸ್ಸಿನಲ್ಲಿ ಹಿರಿಯನಾಗಿದ್ದರಂತೂ ಅವನು ಹೋಗುವ ತನಕ ನಿಂತೇ ಇರಬೇಕು. ಮುಂದೆ ಅಥಣಿ ರಸ್ತೆಯಲ್ಲಿ ನನ್ನದೇ ಅಂಗಡಿ ಆಯಿತು. ಟ್ರ್ಯಾಕ್ಟರ್, ಲಾರಿ, ಮೋಟರ್‌ಸೈಕಲ್ಲು, ಎಲ್ಲದರ ಸೀಟೂ ಹೊಲಿದೆ. ಉಸ್ತಾದರ ನಿಯಮ ಮಾತ್ರ ಬಿಡಲಿಲ್ಲ. ನನ್ನ ಮಗಳು ಫೋಮಿನ ಸುರುಳಿಗಳ ಮೇಲೆ ಕೂತು ಮನೆಪಾಠ ಬರೆದು ಬೆಳೆದವಳು. ಯಾರಾದರೂ ಹಿರಿಯರು ಅಂಗಡಿಗೆ ಬಂದರೆ ನನಗಿಂತ ಮೊದಲು ಅವಳೇ ಎದ್ದು ನಿಲ್ಲುತ್ತಿದ್ದಳು. "ಹುಡುಗಿಗಿ ಚಲೋ ಸಂಸ್ಕಾರ ಕೊಟ್ಟೀರಿ" ಎಂದು ಜನ ಹೇಳಿದಾಗ ನನಗೆ ಅಂಗಡಿಯಿಂದ ಬಂದ ಹೆಮ್ಮೆಗಿಂತ ಅದು ಹೆಚ್ಚೆನಿಸುತ್ತಿತ್ತು.

ಆ ಮಗಳು ಈಗ ಮಕ್ಕಳ ಹಲ್ಲಿನ ಡಾಕ್ಟರು. ದೊಡ್ಡವರ ಹಲ್ಲು ನೋಡುವವರು ನಮ್ಮ ಊರಲ್ಲಿ ಬೇಕಾದಷ್ಟಿದ್ದಾರೆ. ಇವಳು ಮೇಲೆ ಮತ್ತಷ್ಟು ಓದಿ ಮಕ್ಕಳನ್ನೇ ಆರಿಸಿಕೊಂಡಳು. ವಿಜಯಪುರದಲ್ಲಿ ಅವಳ ದವಾಖಾನೆ. ಗುರುವಾರ ಬಬಲೇಶ್ವರದಲ್ಲಿ ಒಂದು ಬಾಡಿಗೆ ಕೋಣೆ. ಭಾನುವಾರ ಮುಂಜಾನೆ ತಿಕೋಟಾ. ನಾನು ಹುಟ್ಟಿದ ಊರಿನಲ್ಲಿ "ಇಂವ ಸೀಟ್ ಹೊಲಿಯಾಂವ" ಎನ್ನುತ್ತಿದ್ದವರು "ಇವರು ಡಾಕ್ಟರ್ ಬಾಯಿ ಅವರ ಅಪ್ಪ" ಎನ್ನತೊಡಗಿದ್ದರು. ಆ ಭಾನುವಾರಗಳಲ್ಲಿ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೆಲಸವಿಲ್ಲದಿದ್ದರೂ, ಅವಳ ಜೊತೆ ಹೋಗುತ್ತಿದ್ದೆ. ಒಳಗೆ ಮಾತ್ರ ಹೋಗುತ್ತಿರಲಿಲ್ಲ. ಹೊರಗೆ ಚಹಾದಂಗಡಿಯಲ್ಲಿ ನಾಲ್ಕು ಮಂದಿಗೆ ಕಾಣುವಂತೆ ನಿಂತಿರುತ್ತಿದ್ದೆ.

ಎರಡು ವರ್ಷದ ಹಿಂದೆ, ಚಳಿಗಾಲ. ಮೂವರೂ ಊಟಕ್ಕೆ ಕೂತಿದ್ದೆವು. ಮಗಳು ರೊಟ್ಟಿಯನ್ನು ಎಡಗೈಯಲ್ಲಿ ಮುರಿದಳು.

"ಎಡಗೈಲೆ ಯಾಕ ಉಣ್ಣಾಕತ್ತಿ ಬೇ?" ಎಂದಳು ನನ್ನ ಹೆಂಡತಿ. "ಹೊರಗಿನವರು ನೋಡಿದ್ರ ಏನ ಅಂದಾರು?"

"ಹೊರಗಿನವರು ಯಾರದಾರ ಇಲ್ಲಿ?" ಎಂದಳು ಮಗಳು. ಆದರೆ ಬಲಗೈಯನ್ನು ಮೇಲೆತ್ತಲಿಲ್ಲ. ಅದು ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಅದನ್ನು ನೋಡುತ್ತಲೇ ಹೇಳಿದಳು: ಕುತ್ತಿಗೆಯಿಂದ ಇಳಿದ ನೋವು ಹೆಬ್ಬೆರಳಿಗೆ ಬಂದು ನಿಂತಿದೆ, ಸಂಜೆಯಾದರೆ ಬೆರಳು ಜೋಮು ಹಿಡಿಯುತ್ತದೆ, ಇವತ್ತು ಒಂದು ಕೂಸಿನ ತುಟಿ ಹಿಡಿದುಕೊಂಡಾಗ ಹಿಡಿದದ್ದೇ ಗೊತ್ತಾಗಲಿಲ್ಲ. ಎಲುಬಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾಳೆ. ಕೆಲಸ ಮಾಡುವ ರೀತಿ ಬದಲಾಗದಿದ್ದರೆ ಮಕ್ಕಳ ಕೆಲಸವನ್ನೇ ಬಿಡಬೇಕಾಗಬಹುದು ಎಂದು ಅವರು ಹೇಳಿದ್ದಾರೆ. ಒಂದು ಕಾಲೇಜಿನಲ್ಲಿ ಪಾಠ ಹೇಳುವ ನೌಕರಿಗೂ ಕರೆದಿದ್ದಾರೆ. ಬೇಸಿಗೆ ಮುಗಿಯುವುದರೊಳಗೆ ಉತ್ತರ ಕೊಡಬೇಕು.

"ಹೂಂ ಅಂದುಬಿಡು" ಎಂದಳು ಹೆಂಡತಿ. "ಸಂಜಿ ಐದಕ್ಕ ಮನಿಗಿ ಬರ್ತಿ. ಕೈ ಉಳೀತೈತಿ."

ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. "ದುಡಿಯೂ ಮೈ ನೋಯ್ದ ಇರ್ತೈತೇನು? ನನಗ ಸೊಂಟ ನೋಯ್ತೈತಿ. ನಾ ಏನ ಅಂಗಡಿ ಮುಚ್ಚೇನೇನು?"

"ನಿನ್ನ ಸೀಟು ಅಳೂದಿಲ್ಲ ಯಪ್ಪಾ" ಎಂದಳು ಮಗಳು. "ಒದ್ಯೂದಿಲ್ಲ. ಕಚ್ಚೂದಿಲ್ಲ. ನೀ ದಬ್ಬಣ ಹಾಕಬೇಕಾದ್ರ ತಲಿ ಆಕಡೆ ಹೊಳ್ಳಿಸೂದಿಲ್ಲ."

ಹೆಂಡತಿ ನಕ್ಕಳು. ಮಗಳೂ ನಕ್ಕಳು. ನಾನು ನಗಲಿಲ್ಲ, ಆದರೂ ಮಾತಿನ ಬಿಸಿ ಇಳಿಯಿತು. ಆಮೇಲೆ ಅವಳು ಬಿಡಿಸಿ ಹೇಳಿದಳು. ದೊಡ್ಡವರ ಬಾಯಲ್ಲಿ ಕೈ ಆಡುತ್ತದೆ, ಕೂಸಿನ ಬಾಯಲ್ಲಿ ಕೈಗೆ ಜಾಗವೇ ಸಿಗದು. ಒಳಗಿನ ದವಡೆ ಕಾಣಬೇಕಾದರೆ ತನ್ನ ಕುತ್ತಿಗೆಯನ್ನೇ ತಿರುಗಿಸಬೇಕು. ಕೂಸು ಯಾವ ಗಳಿಗೆಯಲ್ಲಿ ತಲೆ ಹೊಳ್ಳಿಸುತ್ತದೋ ಎಂದು ಭುಜ ಬಿಗಿ ಹಿಡಿದೇ ಇರಬೇಕು. ಕೈಯಲ್ಲಿ ಸಣ್ಣ ಮಶೀನು ನಡುಗುತ್ತಿರುತ್ತದೆ, ಅದರ ಕೀಂ ಎನ್ನುವ ಸದ್ದು ಮನೆಗೆ ಬಂದ ಮೇಲೂ ಕಿವಿಯಲ್ಲಿ ಉಳಿಯುತ್ತದೆ. ಇಷ್ಟೆಲ್ಲ ಆಗುವಾಗ ಕಣ್ಣಲ್ಲಿ ನಗುತ್ತಿರಬೇಕು, ಏಕೆಂದರೆ ಮಾಸ್ಕಿನ ಹಿಂದೆ ಕೂಸಿಗೆ ಕಾಣುವುದು ಕಣ್ಣೊಂದೇ.

"ಹಂಗಾರ ಕಾಲೇಜಿಗಿ ಹೋಗ್ತಿಯೇನು?" ಎಂದೆ.

"ಯಪ್ಪಾ, ಪಾಠ ಹೇಳೂದು ಚಲೋ ಕೆಲಸನ. ಆದ್ರ ನಾ ಕಲ್ತದ್ದು ಕೂಸುಗಳ ಸಲುವಾಗಿ." ತಾಟು ಎತ್ತಿಕೊಂಡು ಎದ್ದಳು. ತಾಟನ್ನೂ ಎಡಗೈಯಲ್ಲೇ ಹಿಡಿದಿದ್ದಳು.

ಆ ವಾರ ಮೊದಲ ಸಲ ನಾನು ಅವಳ ಕೆಲಸ ನೋಡಲು ಒಳಗೆ ಹೋದೆ. ಗುರುವಾರ, ಬಬಲೇಶ್ವರ. ಕೋಣೆ ಸಣ್ಣದು. ನಡುವೆ ಹಲ್ಲಿನ ದೊಡ್ಡ ಕುರ್ಚಿ, ಪಕ್ಕದಲ್ಲಿ ದೀಪ, ನೀರು. ಮೂಲೆಯಲ್ಲಿ ಚಕ್ರದ ಸ್ಟೂಲೊಂದು ಇತ್ತು, ಅದರ ಮೇಲೆ ಅವಳ ಚೀಲ. ನಿಡೋಣಿಯಿಂದ ಒಬ್ಬ ಅಜ್ಜಿ ಮೂರು ವರ್ಷದ ಮೊಮ್ಮಗನನ್ನು ಬಗಲಲ್ಲಿ ಹೊತ್ತು ಬಂದಿದ್ದಳು, ಜೊತೆಗೆ ಹುಡುಗನ ಕಾಕಾ. ಹುಡುಗನ ಮುಂದಿನ ಹಲ್ಲುಗಳು ಕರ್ರಗಾಗಿದ್ದವು. ನಮ್ಮ ಕಡೆ ಕೂಸು ಹೆದರಿದರೆ ಅಜ್ಜಿಯ ತೊಡೆ ಬಿಟ್ಟು ಎಲ್ಲಿಯೂ ಮಲಗುವುದಿಲ್ಲ. ಅಜ್ಜಿ ಹಲ್ಲಿನ ಕುರ್ಚಿ ಏರಿ ಕೂತಳು, ಕೂಸನ್ನು ಎದೆಗವಚಿಕೊಂಡಳು. ಇಬ್ಬರ ಮೇಲೆ ನನ್ನ ಮಗಳು ಒಂದು ಪಕ್ಕದಿಂದ ಬಾಗಿದಳು. ಒಂದು ಕಾಲ ಮೇಲೆ ಭಾರ, ಸೊಂಟ ಒಂದು ಕಡೆ, ಕುತ್ತಿಗೆ ಇನ್ನೊಂದು ಕಡೆ. ಗಾಳಿಗೆ ವಾಲಿದ ಜೋಳದ ದಂಟಿನ ಹಾಗೆ.

"ಬಾಯಾಗ ಎಷ್ಟ ಶೇಂಗಾ ಅದಾವ ನೋಡೂನು?" ಎಂದು ಹುಡುಗನಿಗೆ ಕೇಳಿದಳು.

"ಶೇಂಗಾ ಇಲ್ಲ" ಎಂದು ಹುಡುಗ ಬಾಯಿ ಬಿಟ್ಟ, ಆಮೇಲೆ ಅವಳ ಬೆರಳು ಕಚ್ಚಿದ.

"ಕಚ್ಚಬ್ಯಾಡ ಲೇ, ಡಾಕ್ಟರವ್ವಗ ನೋಯ್ತೈತಿ" ಎಂದಳು ಅಜ್ಜಿ. ಮತ್ತೆ ಮಗಳಿಗೆ: "ಕಚ್ಚಿದ್ರ ಎರಡ ಏಟ ಹಾಕವ್ವಾ."

"ಬ್ಯಾಡ್ರಿ, ಕಚ್ಚಾಕ ಬಂತಂದ್ರ ಹಲ್ಲು ಗಟ್ಟಿ ಅದಾವಂತ ಅರ್ಥ" ಎಂದು ಮಗಳು ಕಣ್ಣಲ್ಲಿ ನಕ್ಕಳು. ಹೆಬ್ಬೆರಳನ್ನು ಮಾತ್ರ ಬೆನ್ನ ಹಿಂದೆ ಒಯ್ದು ಮಡಚಿ ಬಿಚ್ಚಿದಳು. ಅದು ಅಜ್ಜಿಗೆ ಕಾಣಲಿಲ್ಲ, ನನಗೆ ಕಂಡಿತು. ಮಧ್ಯಾಹ್ನದ ತನಕ ಅವಳು ಒಮ್ಮೆಯೂ ಕೂಡಲಿಲ್ಲ.

"ಆ ಸ್ಟೂಲ್ ಮ್ಯಾಲ ಯಾಕ ಕುಂದ್ರೂದಿಲ್ಲ?" ಎಂದು ಜನ ಕಡಿಮೆಯಾದಾಗ ಕೇಳಿದೆ.

"ಆಗೂದಿಲ್ಲ ಬಿಡೋ ಯಪ್ಪಾ" ಎಂದು ಕೈ ತೊಳೆಯಲು ಹೋದಳು.

ನಾನು ಆ ಸ್ಟೂಲನ್ನು ಒತ್ತಿ ನೋಡಿದೆ. ಫೋಮ್ ಸತ್ತಿತ್ತು, ಹಲಗೆ ಕೈಗೆ ತಾಗುತ್ತಿತ್ತು. ಕಾರಣ ಸಿಕ್ಕಿತು ಎಂದುಕೊಂಡೆ. ಇಂಥ ಸ್ಟೂಲಿನ ಮೇಲೆ ಯಾರು ಕೂಡುತ್ತಾರೆ? ಲಾರಿಯವರು ಹುಬ್ಬಳ್ಳಿಯ ತನಕ ನೋವಿಲ್ಲದೆ ಹೋಗುವಂಥ ಸೀಟು ಕಟ್ಟಿಕೊಟ್ಟವನು ನಾನು, ನನ್ನ ಮಗಳ ಸ್ಟೂಲು ಹೀಗೆ!

ಅಂಗಡಿಯ ಬೇರೆ ಕೆಲಸ ಬದಿಗಿಟ್ಟು ಅವಳಿಗೊಂದು ಕುರ್ಚಿ ಮಾಡಿದೆ. ಮರೂನ್ ಬಣ್ಣದ ರೆಕ್ಸಿನ್, ಅಂಚಿಗೆ ಕೆನೆ ಬಣ್ಣದ ಪಟ್ಟಿ, ಬೆನ್ನಿಗೆ ಎತ್ತರದ ಒರಗು, ಎರಡೂ ಕಡೆ ಮೆತ್ತನೆಯ ತೋಳು. ಎಲ್ಲಿಯೂ ಮೊಳೆಯ ತಲೆ ಕಾಣಿಸದು. ಪಕ್ಕದ ಅಂಗಡಿಯವನು ನೋಡಿ, "ಏನಪ್ಪಾ, ಡಿಸಿ ಸಾಹೇಬ್ರಿಗೇನ ಇದು?" ಎಂದ. "ಅದಕ್ಕಿಂತ ದೊಡ್ಡವರಿಗೆ" ಎಂದೆ. ಮುಂದಿನ ಗುರುವಾರ ಟೆಂಪೋದಲ್ಲಿ ಹಾಕಿಕೊಂಡು ಬಬಲೇಶ್ವರಕ್ಕೆ ಒಯ್ದು, ಹಲ್ಲಿನ ಕುರ್ಚಿಯ ಪಕ್ಕ ಇಟ್ಟೆ. ಮಗಳು ಕೈಯಾಡಿಸಿ ನೋಡಿದಳು. "ಭಾಳ ಚಂದ ಆಗೇತಿ" ಎಂದಳು. ಕೂಡಲಿಲ್ಲ.

ಮೊದಲು ಬಂದದ್ದು ಒಬ್ಬ ಮುದುಕ, ಸೊಸೆ ಮತ್ತು ಮೊಮ್ಮಗಳ ಜೊತೆ. ಹಲ್ಲಿನ ಕುರ್ಚಿಯ ಮೇಲೆ ತಾಯಿ ಮಗಳು ಕೂತರು. ಮುದುಕ ಕೋಣೆಯನ್ನೆಲ್ಲ ನೋಡಿದ, ನನ್ನ ಕುರ್ಚಿಯನ್ನು ನೋಡಿದ, "ಚಲೋ ವ್ಯವಸ್ಥಾ ಮಾಡೀರಿ" ಎಂದು ನೆಮ್ಮದಿಯಾಗಿ ಅದರಲ್ಲಿ ಕೂತ. ಯಾರು ಏನು ಹೇಳಲಾದೀತು? ಕೋಣೆಯಲ್ಲಿ ಒಳ್ಳೆಯ ಕುರ್ಚಿ ಒಂದಿದ್ದರೆ ಅದು ಹಿರಿಯರದು. ಅವನು ಎದ್ದ ಮೇಲೆ ಒಬ್ಬ ಮುದುಕಿ ಕೂತಳು. ಅವಳ ನಂತರ ಇನ್ನೊಬ್ಬ ಮುದುಕ. ಒಬ್ಬರಂತೂ ಒರಗಿಕೊಂಡು ಗೊರಕೆ ಹೊಡೆದರು. ಸಂಜೆಯ ತನಕ ಬಬಲೇಶ್ವರದ ಹಿರಿಯರೆಲ್ಲ ನನ್ನ ಕೆಲಸವನ್ನು ಹೊಗಳಿ ಎದ್ದರು, ನನ್ನ ಮಗಳು ಎಂದಿನ ಹಾಗೆ ನಿಂತೇ ಇದ್ದಳು.

ವಾಪಸ್ಸು ಬರುವಾಗ ಅವಳ ಕಾರಿನಲ್ಲಿ ನನಗೆ ಸಿಟ್ಟು. "ಇದು ಡಾಕ್ಟರ್ ಖುರ್ಚಿ ಐತ್ರಿ ಅಂತ ಹೇಳಾಕ ಏನಾಗಿತ್ತು ನಿನಗ?"

"ನೀನೂ ಅಲ್ಲೇ ಇದ್ದಿ. ನೀ ಯಾಕ ಹೇಳಲಿಲ್ಲ?"

ನಾನು ಕಿಟಕಿಯ ಗಾಜು ಇಳಿಸಿದೆ.

"ಯಪ್ಪಾ, ನಿಂತ ಮುದುಕಿ ಮುಂದ ನಾ ಹೆಂಗ ಕುಂದರಲಿ?" ಎಂದಳು. "ವಿಜಯಪುರದಾಗೂ ಹಂಗ. ಒಂದಿನ ಕುಂತಿದ್ದೆ. ಒಬ್ಬಾಕಿ ಮುದುಕಿ ಗ್ವಾಡಿಗಿ ಒರಗಿ ನಿಂತಿದ್ಲು. ನನ್ನ ಕಣ್ಣು ಕೂಸಿನ ಬಾಯಾಗ ಇರಲೇ ಇಲ್ಲ, ಆಕಿ ಕಾಲ ಮ್ಯಾಲ ಇತ್ತು. ಎದ್ದುಬಿಟ್ಟೆ. ಮತ್ತ ಆ ತೋಳಿನ ಖುರ್ಚಿಯಾಗ ಕುಂತ್ರ ಮೊಣಕೈ ಆಡೂದಿಲ್ಲ. ಅದು ಆರಾಮ ಮಾಡೂ ಖುರ್ಚಿ, ಕೆಲಸ ಮಾಡೂದಲ್ಲ" ಎಂದಳು.

ನಾನು ಕೂಡುವವರಿಗೆ ಸೀಟು ಮಾಡಿದವನು. ಕೂತು ಕೂಸಿನ ಬಾಯಲ್ಲಿ ಕೈಯಾಡಿಸುವವರು ಹೇಗೆ ಕೂಡುತ್ತಾರೆ ಎಂದು ನಾನು ಕೇಳಿಯೇ ಇರಲಿಲ್ಲ. ಅಂಗಡಿಯ ಮುಂದೆ ಕಾರು ನಿಂತಾಗ ಕೇಳಿದೆ: "ಹಂಗಾರ ಹೆಂಗಿರಬೇಕು, ಹೇಳು."

ಅವಳು ಇಳಿದು ಬಂದು ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಚೌಕ ಬರೆದಳು, ಎದುರುಬದುರು. ಸಣ್ಣ ಕೂಸುಗಳಿಗೆ ದೊಡ್ಡ ಕುರ್ಚಿಯೇ ಬೇಡ ಎಂದು ಕಾಲೇಜಿನಲ್ಲಿ ಕಲಿಸಿದ್ದರಂತೆ. ಒಂದರಲ್ಲಿ ಅಜ್ಜಿ, ಒಂದರಲ್ಲಿ ಡಾಕ್ಟರು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂಡಬೇಕು. ಕೂಸು ಅಜ್ಜಿಯ ಸೊಂಟಕ್ಕೆ ಕಾಲು ಸುತ್ತಿ ಹಿಂದಕ್ಕೆ ಮಲಗುತ್ತದೆ, ತಲೆ ಡಾಕ್ಟರ ತೊಡೆಗೆ ಬರುತ್ತದೆ. ಕೈ ಅಜ್ಜಿ ಹಿಡಿದಿರುತ್ತಾಳೆ, ಅಜ್ಜಿಯ ಮುಖ ಕೂಸಿಗೆ ಕಾಣುತ್ತಿರುತ್ತದೆ. ಡಾಕ್ಟರ ಬೆನ್ನು ನೆಟ್ಟಗೆ ಉಳಿಯುತ್ತದೆ.

"ಗೊತ್ತಿದ್ದೂ ಯಾಕ ಮಾಡಲಿಲ್ಲ?"

"ಎರಡು ಸರಿ ಖುರ್ಚಿ ಇರಲಿಲ್ಲ. ಮತ್ತ..." ಎಂದು ಸೀಮೆಸುಣ್ಣ ಕೆಳಗಿಟ್ಟಳು. "ಅಜ್ಜಿಗೋಳಿಗಿ ಸರಿಸಮ ಕುಂದ್ರಾಕ ನನಗ ಮನಸ ಬರಲಿಲ್ಲ."

"ಅಜ್ಜಿ ಸೀಟು ಒಂದೀಟು ಎತ್ತರ ಮಾಡ್ತೇನಿ. ಮರ್ಯಾದಿ ಉಳೀತೈತಿ."

"ಒಂದ ಬೆರಳಿನಷ್ಟೂ ಹೆಚ್ಚು ಬ್ಯಾಡ. ಕೂಸು ಜಾರ್ತೈತಿ."

ಸರಿಸಮವಾಗಿ ಮಾಡಿದೆ. ತೋಳಿಲ್ಲ, ಒರಗು ಸೊಂಟಕ್ಕಷ್ಟೇ. ನಾನು ಹಾಕಿದ ಮೊದಲ ಫೋಮನ್ನು ಅವಳು ಕೂತು ನೋಡಿ ತೆಗೆಸಿದಳು, ಮೆತ್ತಗಾಯಿತು ಎಂದು. ಎರಡನೆಯದನ್ನೂ ತೆಗೆಸಿದಳು. ಗಿರಾಕಿಗಳು ಯಾರೂ ನನ್ನಿಂದ ಹೀಗೆ ಮತ್ತೆಮತ್ತೆ ಬಿಚ್ಚಿಸಿದ್ದಿಲ್ಲ. ಬಾಯಿ ಮುಚ್ಚಿಕೊಂಡು ಬಿಚ್ಚಿದೆ. ನಡುವೆ ತೊಡೆಗಳ ಮೇಲೆ ಹಾಸಲು ಒಂದು ಸಣ್ಣ ಗಾದಿ ಹೊಲಿದೆ. ಎರಡಕ್ಕೂ ಒಂದೇ ಬಣ್ಣ, ಒಂದೇ ಹೊಲಿಗೆ. ಯಾವುದು ಯಾರದೆಂದು ಹೇಳಲು ಬರುವಂತಿರಲಿಲ್ಲ. ಕೂಸಿನ ಜೊತೆ ಬಂದವರಿಗೆಂದು ಗೋಡೆಗೆ ಹಚ್ಚಿ ಇಡಲು ಒಂದು ಬೆಂಚೂ ಮಾಡಿದೆ.

ಗುರುವಾರ ಅವನ್ನು ಬಬಲೇಶ್ವರದಲ್ಲಿಟ್ಟು, ಮರೂನ್ ಕುರ್ಚಿಯನ್ನು ಮನೆಗೆ ಕಳಿಸಿದೆ. ಆ ದಿನ ನಿಡೋಣಿಯ ಅಜ್ಜಿಯೇ ಮತ್ತೆ ಬಂದಳು. ಅದೇ ಮೊಮ್ಮಗ, ಅದೇ ಕಾಕಾ. ಮಗಳು ಆಸನ ತೋರಿಸಿ, "ಕುಂದರ್ರಿ ಅಜ್ಜಿ" ಎಂದಳು.

ಅಜ್ಜಿ ಹೊಸ ಆಸನಗಳನ್ನು ನೋಡಿದಳು. ಅವು ಡಾಕ್ಟರ ಸಾಮಾನು ಎನಿಸಿರಬೇಕು. "ನೀ ಕುಂದ್ರವ್ವಾ ಮೊದಲ. ಕಲ್ತಾಕಿ."

"ನೀವು ಹಿರ್ಯಾರು, ನೀವು ಕುಂದರ್ರಿ."

"ಏ, ನೀ ಕುಂದ್ರು."

ಇಬ್ಬರೂ ನಿಂತರು. ಕಾಕಾ ಬಾಗಿಲಿಗೆ ನಿಂತಿದ್ದ. ಅವರೆಲ್ಲ ನಿಂತಿದ್ದರೆಂದು ನಾನೂ ನನ್ನದೇ ಬೆಂಚಿನ ಪಕ್ಕ ನಿಂತಿದ್ದೆ. ಕೋಣೆಯ ತುಂಬ ಹೊಸ ಆಸನಗಳು, ಒಬ್ಬರೂ ಕೂತಿಲ್ಲ. ಅಜ್ಜಿ ಬೇಸರಪಟ್ಟು ಹಳೆಯ ದೊಡ್ಡ ಕುರ್ಚಿಯ ಕಡೆಗೆ ಹೊರಟಳು. ಮಗಳು ಅವಳ ಹಿಂದೆ ಹೆಜ್ಜೆ ಇಟ್ಟಳು, ಆಗಲೇ ಕುತ್ತಿಗೆ ಒಂದು ಕಡೆ ವಾಲಿತ್ತು. ಇನ್ನು ಈ ಕೋಣೆಗೆ ಬೀಗವೇ ಗತಿ ಎನಿಸಿತು ನನಗೆ.

ನಾನು ಬೆಂಚಿನ ಮೇಲೆ ಕೂತೆ.

ಬರೆಯುವಾಗ ಇದು ಏನೂ ಅಲ್ಲ ಎನಿಸುತ್ತದೆ. ದಬ್ಬಣ ಹಿಡಿದಂದಿನಿಂದ ಹಿರಿಯರು ನಿಂತಾಗ ನಾನು ಕೂತವನಲ್ಲ. ಅಜ್ಜಿ ಹೊರಳಿ, ಹೋದ ಸಲ ಗಮನಿಸಿರದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರಪ್ಪಾ ಇಂವ? ನಾವೆಲ್ಲಾ ನಿಂತೇವಿ, ಇಂವ ಕಲ್ಲ ಕುಂತಂಗ ಕುಂತಾನ!"

"ನಮ್ಮಪ್ಪರಿ" ಎಂದಳು ಮಗಳು.

"ನಿಮ್ಮಪ್ಪ? ಭೂಷಣ ಐತೇನು?" ಎಂದು ನನಗೆ ಬೈದಳು. ನಾನು ಏಳಲಿಲ್ಲ. "ನನ್ನ ಸೊಂಟ ಹೋಗೇತ್ರಿ ಅವ್ವಾರ" ಎಂದೆ. ಅದು ಸುಳ್ಳೂ ಅಲ್ಲ, ಅಂಗಿಯ ಒಳಗೆ ಪಟ್ಟಿ ಕಟ್ಟಿಕೊಂಡಿದ್ದೆ. "ನಿಂತು ನಿಂತ ಹೋಗೇತಿ. ಇಕಿ ಕುತ್ತಿಗಿನೂ ಹಂಗ ಹೊಂಟೈತಿ. ಇಕಿ ನಿಂತ್ರ ನಾಳೆ ನಿಮ್ಮ ಮೊಮ್ಮಗನ ಹಲ್ಲು ನೋಡಾಕ ಯಾರೂ ಇರೂದಿಲ್ಲ."

ಅಜ್ಜಿ ನನ್ನನ್ನು ಬಿಟ್ಟು ಮಗಳನ್ನು ನೋಡಿದಳು. ಕೈ ಚಾಚಿ ಅವಳ ಕುತ್ತಿಗೆಯ ಹಿಂಭಾಗ ಒತ್ತಿದಳು. ಮಗಳು "ಹಾ" ಎಂದಳು.

"ಯವ್ವಾ! ಕಟಿಗಿ ಆಗೇತಲ್ಲ" ಎಂದಳು ಅಜ್ಜಿ. "ಅಪ್ಪ ಕುಂತಾನ, ಮಗಳು ಯಾಕ ನಿಂತಾಳ? ಕುಂದ್ರ ಬೇ! ಏ ತಮ್ಮಾ, ನೀನೂ ಆ ಬೆಂಚಿಗಿ ಕುಂದ್ರು, ಬಾಗಲಾ ಬಿಡು, ಗಾಳಿ ಬರಲಿ." ಹೇಳುತ್ತಲೇ ತಾನೂ ಆಸನದಲ್ಲಿ ಕೂತು ಸೀರೆಯ ನಿರಿಗೆ ಸರಿಪಡಿಸಿಕೊಂಡಳು. ಮಗಳು ಎದುರಿಗೆ ಕೂತಳು. ಮೊಣಕಾಲುಗಳು ತಾಗಿದವು. ಹುಡುಗ ಅಜ್ಜಿಯ ಸೊಂಟಕ್ಕೆ ಕಾಲು ಸುತ್ತಿ, ಗಾದಿಯ ಮೇಲೆ ಬೆನ್ನು ಹಾಕಿ, ತಲೆಯನ್ನು ಡಾಕ್ಟರ ತೊಡೆಯಲ್ಲಿಟ್ಟು, ಮೇಲೆ ನೋಡಿದ.

"ಇವತ್ತು ಶೇಂಗಾ ಅದಾವೇನು?" ಎಂದಳು ಮಗಳು.

"ಅಜ್ಜಿ ತಿಂದಾಳ" ಎಂದ ಹುಡುಗ. ಬಾಯಿ ಬಿಟ್ಟ. ಸ್ವಲ್ಪ ಅತ್ತ, ಆದರೆ ಕಚ್ಚಲಿಲ್ಲ. ನಾನು ಹುಡುಗನನ್ನು ನೋಡುತ್ತಿರಲಿಲ್ಲ. ಮಗಳ ಬೆನ್ನು ನೋಡುತ್ತಿದ್ದೆ. ಅದು ನೆಟ್ಟಗಿತ್ತು.

ಅಜ್ಜಿ ಊರಿಗೆ ಹೋಗಿ ಏನು ಹೇಳಿದಳೋ, ನಿಡೋಣಿಯಿಂದ ಆಮೇಲೆ ಬಂದವರೆಲ್ಲ ಬಂದವರೇ ಕೂತುಬಿಡುತ್ತಿದ್ದರು. "ಇಲ್ಲಿ ಎಲ್ಲಾರೂ ಕುಂದ್ರಬೇಕಂತ" ಎಂದು ಒಬ್ಬರು ಇನ್ನೊಬ್ಬರಿಗೆ ತಿಳಿಸುತ್ತಿದ್ದರು. ವಿಜಯಪುರದ ದವಾಖಾನೆಗೂ ಅಂಥದೇ ಜೋಡಿ ಮಾಡಿಕೊಟ್ಟೆ.

ಆಸನದಿಂದಲೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ದೊಡ್ಡ ಮಕ್ಕಳ ಕೆಲಸಕ್ಕೆ ಆ ದೊಡ್ಡ ಕುರ್ಚಿಯೇ ಬೇಕು. ಅಲ್ಲಿಯೂ ಅವಳು ತಲೆಯ ಹಿಂದೆ ಸ್ಟೂಲು ಎಳೆದು ಕೂಡುವುದನ್ನು ರೂಢಿಸಿಕೊಂಡಳು. ಒಂದು ಕೂಸು ಆದ ಮೇಲೆ ಎದ್ದು ಭುಜ ತಿರುಗಿಸುತ್ತಾಳೆ, ಹೊರಗೆ ಕಾಯುವವರು ಗೊಣಗಿದರೂ. ಬೆಳಿಗ್ಗೆ ಭೂತನಾಳದ ಕೆರೆಯ ಕಡೆ ನಡೆದು ಬರುತ್ತಾಳೆ. ಎಲುಬಿನ ಡಾಕ್ಟರು ಹೇಳಿದ ವ್ಯಾಯಾಮ ತಪ್ಪಿಸುವುದಿಲ್ಲ. ಬೇಸಿಗೆ ಮುಗಿಯುವ ಮೊದಲೇ ಕಾಲೇಜಿನವರಿಗೆ ಬರುವುದಿಲ್ಲ ಎಂದು ತಿಳಿಸಿದಳು. ಹೆಬ್ಬೆರಳಿನ ಜೋಮು ಈಗಲೂ ಕೆಲವು ಸಂಜೆ ಬರುತ್ತದೆ, ಹೋಗುತ್ತದೆ.

ತಿಕೋಟಾವನ್ನು ಬಿಟ್ಟಳು. ವಾರದಲ್ಲಿ ಒಂದು ದಿನವಾದರೂ ಕುತ್ತಿಗೆಗೆ ಬಿಡುವು ಬೇಕೆಂದು ಆ ಭಾನುವಾರಗಳನ್ನು ನಿಲ್ಲಿಸಿದಳು. ಅದನ್ನು ನನಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನನಗೆ ನೋವಾಯಿತು. ನನ್ನ ಊರು, ನನ್ನ ಬಿಳಿ ಅಂಗಿ, ಚಹಾದಂಗಡಿ. "ಆತು ಬಿಡು" ಎಂದೆ. ತಿಕೋಟಾದವರು ಈಗ ಮಕ್ಕಳನ್ನು ಕರೆದುಕೊಂಡು ವಿಜಯಪುರಕ್ಕೆ ಬರುತ್ತಾರೆ, ದಾರಿಯಲ್ಲೇ ನನ್ನ ಅಂಗಡಿ, ನಿಂತು ಮಾತಾಡಿಸಿ ಹೋಗುತ್ತಾರೆ. ನಿಂತು ಎಂದೆ, ತಪ್ಪು. ಈಗ ಕೂತು ಮಾತಾಡುತ್ತಾರೆ. ಗಿರಾಕಿ ಬಂದರೆ ಎದ್ದು ನಿಲ್ಲುವುದನ್ನು ನಾನು ಬಿಟ್ಟಿಲ್ಲ. ಎದ್ದು, ಅವರನ್ನು ಬೆಂಚಿನ ಮೇಲೆ ಕೂಡಿಸಿ, ಆಮೇಲೆ ನಾನೂ ಕೂಡುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಅಥಣಿ ರಸ್ತೆಯಲ್ಲಿ ಒಂದು ಅಂಗಡಿ. ಎರಡು ಹೊಲಿಗೆ ಮಶೀನು. ಉಸ್ತಾದರು ಕೊಟ್ಟ ಒಂದು ದಬ್ಬಣ. ಗಿರಾಕಿಗಳಿಗೆ ಒಂದು ಬೆಂಚು, ನನಗೊಂದು ಸ್ಟೂಲು. ಸೊಂಟಕ್ಕೆ ಒಂದು ಪಟ್ಟಿ. ತೋಳಿರುವ ಒಂದು ಮರೂನ್ ಕುರ್ಚಿ, ಅದರಲ್ಲಿ ಕೂತು ಕಾಳು ಹಸನು ಮಾಡುವ ಒಬ್ಬ ಹೆಂಡತಿ. ಬಲಗೈಯಲ್ಲಿ ರೊಟ್ಟಿ ಮುರಿಯುವ ಒಬ್ಬ ಮಗಳು.